ಮೂರು ವಿಶ್ವಕಪ್ ಮತ್ತು ನನ್ನ ಬಾಣಲೆ

ಮದುವೆಯಾಗಿ ಬ್ಯಾಟರಾಯನಪುರದ ಈ ಮನೆಗೆ ಬಂದ ಮೇಲೆ ಭಾರತದ ಗಂಡಸರ ತಂಡ ಮೂರು ವಿಶ್ವಕಪ್ ಗೆದ್ದಿತು. ಮೂರು ಸಲವೂ ನಾನು ಟಿವಿಯಿಂದ ಸರಿಯಾಗಿ ಹನ್ನೊಂದು ಹೆಜ್ಜೆ ದೂರದಲ್ಲಿದ್ದೆ. (ಅಳೆದಿದ್ದೇನೆ.) ಆದರೂ ಗೆದ್ದ ಕ್ಷಣವನ್ನು ಒಂದು ಸಲವೂ ಕಣ್ಣಾರೆ ಕಂಡಿಲ್ಲ. ಯಾಕೆಂದರೆ ಆ ಹನ್ನೊಂದು ಹೆಜ್ಜೆಯ ಆಚೆ ಇರುವುದು ಅಡುಗೆಮನೆ. ಅಲ್ಲಿ ಒಂದು ಬಾಣಲೆ, ಬಾಣಲೆಯ ಮುಂದೆ ನಾನು. ಹಾಗೆಂದು ನಮ್ಮತ್ತೆ ಲಕ್ಕಮ್ಮನವರು ತೀರ್ಪು ಕೊಟ್ಟು ಹದಿನೆಂಟು ವರ್ಷವಾಯಿತು. ಆ ತೀರ್ಪಿಗೆ ಮೇಲ್ಮನವಿ ಇಲ್ಲ.

ಇದು ಶುರುವಾದದ್ದು 2007ರಲ್ಲಿ, ಟಿ-ಟ್ವೆಂಟಿಯ ಮೊದಲ ವಿಶ್ವಕಪ್ ಫೈನಲ್ ದಿನ. ನನಗೆ ಮದುವೆಯಾಗಿ ನಾಲ್ಕು ತಿಂಗಳು. ಕೊನೆಯ ಓವರ್, ಪಾಕಿಸ್ತಾನದ ಕೈಯಲ್ಲಿ ಒಂದೇ ವಿಕೆಟ್, ಆದರೆ ಅವರ ಬ್ಯಾಟ್ಸ್‌ಮನ್ ಸಿಕ್ಸರ್ ಹೊಡೆದುಬಿಟ್ಟಿದ್ದಾನೆ. ಅತ್ತೆಗೆ ತಡೆಯಲಾಗಲಿಲ್ಲ. "ನನ್ಗೆ ಎದೆ ಒಡ್ಕಂತಾ ಐತೆ, ಓಗವ್ವ, ನಾಕ್ ಬಜ್ಜಿ ಆಕ್ಕಂಡ್ ಬಾ" ಎಂದರು. (ಎದೆ ಬಡಿತಕ್ಕೆ ಬಜ್ಜಿ ಮದ್ದು ಎಂದು ಯಾವ ಡಾಕ್ಟರು ಬರೆದುಕೊಟ್ಟಿದ್ದರೋ ಗೊತ್ತಿಲ್ಲ.) ಹಿಟ್ಟು ಕಲಸಿಟ್ಟಿತ್ತು, ಎಣ್ಣೆ ಕಾದಿತ್ತು. ಮೂರನೆಯ ಬಜ್ಜಿ ಬಿಡುತ್ತಿದ್ದಂತೆ ಪಕ್ಕದ ಮನೆಯವರೆಲ್ಲ ಒಟ್ಟಿಗೆ ಕೂಗಿಕೊಂಡರು. ನಾನು ಜಾಲರಿ ಸೌಟು ಹಿಡಿದುಕೊಂಡೇ ಹಾಲ್‌ಗೆ ಓಡಿ "ಗೆದ್ವಿ" ಎಂದೆ.

ಮರುದಿನ ಅತ್ತೆ ಇಡೀ ಬೀದಿಗೆ ಸಾರಿದರು. "ನನ್ ಸೊಸೆ ಒಳಗೋದ್ಲು, ಅವ್ರು ಔಟಾದ್ರು." ಅಂದಿನಿಂದ ನಾನು ಭಾರತ ತಂಡದ ಬಜ್ಜಿ ವಿಭಾಗದ ಆಜೀವ ಮುಖ್ಯಸ್ಥೆ. 2011ರಲ್ಲಿ ಕ್ಯಾಪ್ಟನ್ ಸಿಕ್ಸರ್ ಎತ್ತಿ ಕಪ್ ಗೆದ್ದುಕೊಟ್ಟಾಗ ನಾನು ಮೆಣಸಿನಕಾಯಿ ಸೀಳುತ್ತಿದ್ದೆ. 2024ರಲ್ಲಿ ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕ ಏಳು ರನ್ನಿನಿಂದ ಸೋತಾಗ ಹೀರೇಕಾಯಿ ಹೆಚ್ಚುತ್ತಿದ್ದೆ. ನಡುವೆ ಸೋತ ಫೈನಲ್‌ಗಳನ್ನು ಅತ್ತೆ ನೆನಪಿನಿಂದಲೇ ತೆಗೆದುಹಾಕಿದ್ದಾರೆ, 2023ರದ್ದೊಂದನ್ನು ಬಿಟ್ಟು. ಆ ಭಾನುವಾರ ನಾನು ಚಿಕ್ಕಜಾಲದಲ್ಲಿ ತಮ್ಮನ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾದವರು ಕಪ್ ಎತ್ತಿಕೊಂಡು ಹೋದದ್ದಕ್ಕೆ ಆ ಎಳೆಗೂಸಿನ ಮೇಲೆ ನಮ್ಮ ಮನೆಯಲ್ಲಿ ಇವತ್ತಿಗೂ ಸಿಟ್ಟಿದೆ.

ನನ್ನ ಅಡುಗೆಮನೆಯ ಬಗ್ಗೆ ಎರಡು ಮಾತು ಹೇಳಬೇಕು. ಅದರ ಕಿಟಕಿಯ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ವಾಜಿದ್ ಮತ್ತು ಗಜಾಲಾ ಅವರ ಹಾಲ್‌ನ ಕಿಟಕಿ. ಹಬ್ಬದ ದಿನ ತಟ್ಟೆಗಳು ಆ ಕಡೆಯಿಂದ ಈ ಕಡೆಗೆ ದಾಟುವುದು ಅಲ್ಲಿಂದಲೇ. ಮಿಕ್ಕ ದಿನ ನಮ್ಮ ಕಿಟಕಿಯಲ್ಲಿ ಹಪ್ಪಳ, ಸಂಡಿಗೆ, ಚಕ್ಕುಲಿಯ ಸ್ಟೀಲ್ ಡಬ್ಬಗಳನ್ನು ಮೂರು ಅಂತಸ್ತು ಪೇರಿಸಿರುತ್ತೇನೆ. ಹಾಗಾಗಿ ಕಣ್ಣಿಗೆ ಏನೂ ಕಾಣುವುದಿಲ್ಲ, ಕಿವಿಗೆ ಎಲ್ಲವೂ ಕೇಳುತ್ತದೆ. ಹದಿನೆಂಟು ವರ್ಷದಲ್ಲಿ ನಾನು ಕ್ರಿಕೆಟ್ಟನ್ನು ಕಿವಿಯಿಂದ ಕಲಿತಿದ್ದೇನೆ. ವಾಜಿದ್ ಒಂದು ಚಪ್ಪಾಳೆ ಹೊಡೆದರೆ ಫೋರ್, ಮೇಜು ಗುದ್ದಿದರೆ ಸಿಕ್ಸರ್, ಗಜಾಲಾ "ಹಾಯ್" ಎಂದು ಉಸಿರು ಬಿಟ್ಟರೆ ಕ್ಯಾಚ್ ಬಿಟ್ಟಿದ್ದಾರೆ ಎಂದು ಅರ್ಥ.

ಮೂರು ಗೆಲುವಿನಲ್ಲೂ ನಡೆದದ್ದು ಒಂದೇ. ಆ ಕಡೆ ಕೂಗು ಎದ್ದೊಡನೆ ನಾನು ಉರಿ ಆರಿಸಿ ಓಡಿ ಬಂದು, ಹಾಲ್‌ನ ನಟ್ಟನಡುವೆ ನಿಂತು, ಮನೆಯವರಿಗೆಲ್ಲ ಎರಡೂ ಕೈ ಚಾಚಿ "ಗೆದ್ವಿ" ಎನ್ನುತ್ತೇನೆ. ಅವರು ಸೋಫಾದಿಂದ ಎದ್ದು ನನ್ನ ಕಡೆಗೆ ಜೋರಾಗಿ ಕೈ ಬೀಸುತ್ತಾರೆ. ಅತ್ತೆಯಂತೂ ಎರಡೂ ಕೈ ಬೀಸುತ್ತಾರೆ. ಸೊಸೆಯನ್ನು ಕಂಡು ಅತ್ತೆ ಅಷ್ಟು ಭಾವುಕರಾಗುವುದು ಆ ಒಂದು ಗಳಿಗೆಯಲ್ಲಿ ಮಾತ್ರ, ಆದ್ದರಿಂದ ನಾನೂ ಸ್ವಲ್ಪ ಹೊತ್ತು ನಿಂತು ಅದನ್ನು ಅನುಭವಿಸುತ್ತೇನೆ. ಆಮೇಲೆ ತಿರುಗಿ ನೋಡಿದರೆ ಟಿವಿಯಲ್ಲಿ ಆಟಗಾರರು ತಬ್ಬಿಕೊಂಡು ಅಳುತ್ತಿರುತ್ತಾರೆ. ಮತ್ತೆ ಉಳಿಯುವುದು ರೀಪ್ಲೇ. ಬಿಸಿ ಮಾಡಿದ ನಿನ್ನೆಯ ಉಪ್ಪಿಟ್ಟು ಅದು.

ಇಷ್ಟಕ್ಕೂ ನನ್ನನ್ನು ಕೊರೆಯುತ್ತಿದ್ದದ್ದು ಸಿಟ್ಟಲ್ಲ, ಕುತೂಹಲ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲದೆ ಕೂತಿರುವಾಗ, ಚೆಂಡು ಇನ್ನೂ ಗಾಳಿಯಲ್ಲಿರುವಾಗ, ಆ ಅರೆಗಳಿಗೆ ಹೇಗಿರುತ್ತದೆ? ಗಂಡ ನಿರಂಜನ್ ಅವರನ್ನು ಕೇಳಿದೆ. ಜಕ್ಕೂರಿನಲ್ಲಿ ಸ್ಯಾನಿಟರಿ ಸಾಮಾನಿನ ಅಂಗಡಿ ಇಟ್ಟುಕೊಂಡು, ಗಿರಾಕಿಗೆ ಒಂದು ನಲ್ಲಿಯ ಗುಣಗಾನವನ್ನು ಅರ್ಧ ಗಂಟೆ ಮಾಡಬಲ್ಲ ಮನುಷ್ಯ, "ಹ್ಞೂಂ, ಚೆನ್ನಾಗಿತ್ತು" ಎಂದು ಪೇಪರು ಬಿಡಿಸಿಕೊಂಡರು. ಅತ್ತೆಯನ್ನು ಕೇಳಿದರೆ ನೆಲ ನೋಡಿದರು. ಮಗಳು ಮೋನಿಷಾ, ಪಿಯುಸಿ ಓದುವವಳು, ಕಿಸಕ್ಕೆಂದು ನಕ್ಕು ರೂಮಿಗೆ ಹೋದಳು. ಮಾತಿನಲ್ಲಿ ಹೇಳಲಾಗದಂಥ ದಿವ್ಯ ದರ್ಶನವಾಗಿರಬೇಕು ಎಂದುಕೊಂಡೆ. ನನ್ನ ಕುತೂಹಲ ಇನ್ನಷ್ಟು ಹೆಚ್ಚಿತು.

ಕಳೆದ ವರ್ಷ ನವೆಂಬರಿನಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಫೈನಲ್‌ಗೆ ಬಂದರು. ಭಾನುವಾರ ಬೆಳಿಗ್ಗೆಯೇ ನಾನು ತಿಂಡಿಯ ಮುಂದೆ ಘೋಷಣೆ ಹೊರಡಿಸಿದೆ.

"ಇವತ್ತು ನಾನು ಸೋಫಾ ಮೇಲೆ ಕೂತ್ಕೋತೀನಿ."

ಅತ್ತೆಯ ಕೈಯಲ್ಲಿದ್ದ ದೋಸೆ ಅರ್ಧದಲ್ಲೇ ನಿಂತಿತು. "ಬಾಣ್ಲಿ ಯಾರ್ ನೋಡ್ಕಂತಾರೆ?"

"ಹೆಂಗಸ್ರು ಮೈದಾನದಲ್ಲಿ ಕಪ್ ಗೆಲ್ಲೋವಾಗ ನಾನು ಒಳಗೆ ಬಜ್ಜಿ ತಿರುವ್ತಾ ಇರ್ಬೇಕಾ ಅತ್ತೆ?"

"ನೀನ್ ತಿರುವ್ದಿದ್ರೆ ಅವ್ರು ಎಂಗ್ ಗೆಲ್ತಾರೆ?"

"ಒಳಗೆ ಯಾರಾದ್ರೂ ಇದ್ರೆ ಸಾಕಲ್ವಾ. ಇವರಿರ್ಲಿ."

ನಿರಂಜನ್ ಸುತ್ತಲೂ ನೋಡಿ, 'ಇವರು' ಎಂದರೆ ತಾವೇ ಎಂದು ಖಚಿತಪಡಿಸಿಕೊಂಡರು. "ನಂಗೆ ಬಜ್ಜಿ ಮಾಡಕ್ ಬರಲ್ಲ ಕಣೇ."

"ಹದಿನೆಂಟ್ ವರ್ಷ ತಿಂದಿದ್ದೀರಲ್ರೀ, ಅಷ್ಟೂ ಗೊತ್ತಾಗ್ಲಿಲ್ವಾ?"

ಮೋನಿಷಾ ನನ್ನ ಪಕ್ಷ ಸೇರಿದಳು. ಎರಡು ಗಂಟೆ ವಾದವಾಗಿ, ಕೊನೆಗೆ, ಭಾರತ ಸೋತರೆ ಹೊಣೆ ನನ್ನದೇ ಎಂಬ ಷರತ್ತಿನ ಮೇಲೆ ಅತ್ತೆ ಒಪ್ಪಿದರು. ನಾನು ಗಂಡನಿಗೆ ಕಡಲೆಹಿಟ್ಟಿನ ಹದ, ಓಂಕಾಳಿನ ಪ್ರಮಾಣ, ಎಣ್ಣೆಯ ಕಾವು ಎಲ್ಲವನ್ನೂ ಬೋಧಿಸಿ, ಜಾಲರಿ ಸೌಟನ್ನು ಅಧಿಕೃತವಾಗಿ ಹಸ್ತಾಂತರಿಸಿ, ರೇಷ್ಮೆ ಸೀರೆ ಉಟ್ಟು ಸೋಫಾದ ಮೇಲೆ ಆಸೀನಳಾದೆ. ಕೂತ ಐದು ನಿಮಿಷಕ್ಕೆ ನವಿ ಮುಂಬೈಯಲ್ಲಿ ಮಳೆ ಎಂದು ಟಿವಿಯವರು ಹೇಳಿದರು.

ಅತ್ತೆ ಮಳೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮಳೆಯನ್ನು ನೋಡಿದರು. ಎರಡು ಗಂಟೆ ಹಾಗೆಯೇ ಕಳೆಯಿತು. ನವೆಂಬರಿನಲ್ಲಿ ಅಲ್ಲಿ ಮಳೆ ಬಂದರೆ ನಾನೇನು ಮಾಡಲಿ? ಆದರೂ ಒಮ್ಮೆ ಎದ್ದು ನಿಂತು ನೋಡಿದೆ, ನಿಲ್ಲಬಹುದೇನೋ ಎಂದು.

ಅಂತೂ ಆಟ ಶುರುವಾಯಿತು. ನಮ್ಮವರು ಇನ್ನೂರ ತೊಂಬತ್ತೆಂಟು ಹೊಡೆದರು. ದಕ್ಷಿಣ ಆಫ್ರಿಕದವರು ಬೆನ್ನಟ್ಟತೊಡಗಿದರು. ನಾನೋ, ಕಣ್ಣಿನಿಂದ ಕ್ರಿಕೆಟ್ ನೋಡುವ ಅಭ್ಯಾಸ ತಪ್ಪಿದವಳು, ಚೆಂಡು ಎಲ್ಲಿ ಹೋಯಿತೆಂದು ಪ್ರತಿ ಸಲ ಕೇಳಿ ಮಗಳ ಪ್ರಾಣ ತಿಂದೆ. ಅಷ್ಟರಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಬೌಲರ್ ಇನ್ನೂ ಚೆಂಡನ್ನು ಉಜ್ಜುತ್ತಾ ನಿಂತಿದ್ದಾಳೆ, ಅಡುಗೆಮನೆಯಿಂದ ನಿರಂಜನ್ "ಔಟು" ಎಂದರು. ಆಮೇಲೆ ಓಡಿದಳು, ಎಸೆದಳು, ಔಟು. ಇನ್ನೊಮ್ಮೆ ಒಳಗಿನಿಂದ "ಛೆ, ಫೋರ್" ಎಂದು ಕೇಳಿತು. ಸ್ವಲ್ಪ ಹೊತ್ತಿಗೆ ಫೋರ್. ಹದಿನೆಂಟು ವರ್ಷ ಸಂಸಾರ ಮಾಡಿದ ಗಂಡ ತ್ರಿಕಾಲಜ್ಞಾನಿ ಎಂದು ನನಗೆ ಆವತ್ತೇ ತಿಳಿದದ್ದು.

"ಅಪ್ಪಂಗೆ ಮೊದ್ಲೇ ಹೆಂಗೆ ಗೊತ್ತಾಗತ್ತೆ?" ಎಂದೆ.

"ಅಮ್ಮ, ನಮ್ಮದು ಇಂಟರ್ನೆಟ್ಟಲ್ಲಿ ಬರೋದು, ಗಜಾಲಾ ಆಂಟಿ ಮನೇದು ಕೇಬಲ್ಲು. ಅವ್ರದಕ್ಕಿಂತ ನಮ್ಮದು ಅರ್ಧ ನಿಮಿಷ ಲೇಟು" ಎಂದಳು ಮೋನಿಷಾ. "ಮುಂಚೆ ಡಿಶ್ ಇದ್ದಾಗ್ಲೂ ಲೇಟೇ, ಸ್ವಲ್ಪ ಕಮ್ಮಿ."

ಹಾಗಾದರೆ ಇಷ್ಟು ವರ್ಷ ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸುದ್ದಿ ತಿಳಿಯುತ್ತಿದ್ದವಳು ನಾನು. ಹೋರಾಡಿ ಪಡೆದ ಈ ಸೋಫಾದಲ್ಲಿ ಸಿಗುತ್ತಿರುವುದು ಆರಿದ ಕಾಫಿ. ಇರಲಿ, ನೋಡಬೇಕಾದದ್ದನ್ನು ನೋಡಿಯೇ ತೀರುತ್ತೇನೆ ಎಂದುಕೊಂಡು ಒಳಗೆ ಕೂಗಿದೆ.

"ರೀ, ಕಿಟಕಿ ಮುಚ್ರೀ."

"ಹೊಗೆ ತುಂಬ್ಕೊಂಡಿದೆ ಕಣೇ, ಸತ್ತೇ ಹೋಗ್ತೀನಿ."

"ಹಾಗಾದ್ರೆ ಬಾಯಾದ್ರೂ ಮುಚ್ಕೊಳ್ಳಿ. ಇನ್ನೊಂದ್ ಮಾತು ಆಡಿದ್ರೆ ನನ್ನಾಣೆ."

ಒಳಗೆ ಡಬ್ಬಗಳನ್ನು ಎತ್ತಿಡುವ ಸದ್ದಾಯಿತು, ಉಪ್ಪು ಹುಡುಕುತ್ತಿರಬೇಕು ಎಂದುಕೊಂಡೆ. ಆಮೇಲೆ ಅವರು ಮಾತು ಉಳಿಸಿಕೊಂಡರು. ವಿಕೆಟ್ ಮೇಲೆ ವಿಕೆಟ್ ಬಿದ್ದರೂ ಒಳಗಿನಿಂದ ಒಂದು ಉಸಿರೂ ಇಲ್ಲ. ಹೊತ್ತು ಮೀರಿ ಹನ್ನೆರಡರ ಹತ್ತಿರ ಬಂತು. ಒಂಬತ್ತು ವಿಕೆಟ್ ಹೋಗಿ ಉಳಿದದ್ದು ಒಂದೇ. ನಾನು ಕೇಳುತ್ತಿದ್ದ ಆ ಅರೆಗಳಿಗೆ ಇದೇ ಎಂದು ಗೊತ್ತಾಯಿತು, ಅದು ಇಷ್ಟು ಭಯದ್ದೂ ಇಷ್ಟು ಚಂದದ್ದೂ ಎಂದು ಯಾರೂ ಹೇಳಿರಲಿಲ್ಲ. ಬೌಲರ್ ಓಡಿ ಬಂದಳು. ಬ್ಯಾಟ್ ಬೀಸಿತು. ಚೆಂಡು ಮೇಲಕ್ಕೆ ಹೋಯಿತು.

ಆಗ ಟಿವಿಯ ಜಾಗದಲ್ಲಿ ಒಂದು ಬನಿಯನ್ ಕಾಣಿಸಿತು. ಕಡಲೆಹಿಟ್ಟು ಮೆತ್ತಿದ, ಎಣ್ಣೆ ಸಿಡಿದ, ಹೊಟ್ಟೆಯ ಹತ್ತಿರ ಬಿಗಿಯಾದ ಬನಿಯನ್. ಅದರೊಳಗೆ ನನ್ನ ಗಂಡ, ಕೈಯಲ್ಲಿ ಜಾಲರಿ ಸೌಟು, ಮುಖದ ತುಂಬ ನಗು, ಎರಡೂ ಕೈ ಚಾಚಿಕೊಂಡು.

"ಗೆದ್ವಿ" ಎಂದರು.

ನಾನು ಎದ್ದು ಎರಡೂ ಕೈ ಬೀಸಿದೆ. ಸರಿಯಿರಿ, ಸರಿಯಿರಿ ಎಂದು ಹೇಳಲು ಬಾಯಿ ಬರಲಿಲ್ಲ, ಕೈ ಮಾತ್ರ ಬೀಸಿದೆ. ಅವರು ಅದನ್ನು ಕಂಡು ಇನ್ನೂ ಅಗಲವಾಗಿ ನಕ್ಕು, ಅಲ್ಲೇ ನಿಂತರು. ನನ್ನ ಸಂತೋಷವನ್ನು ಅನುಭವಿಸುತ್ತಿದ್ದರು.

ಗಾಳಿಯಲ್ಲಿದ್ದ ನನ್ನ ಕೈ ಹಾಗೇ ನಿಂತಿತು. ನಿಧಾನವಾಗಿ ಅತ್ತೆಯ ಕಡೆಗೆ ತಿರುಗಿದೆ.

"ಈಗ್ ಗೊತ್ತಾಯ್ತಾ?" ಎಂದರು ಅತ್ತೆ. "ನೀನೂ ಇಂಗೇ ಬಂದು, ಇದೇ ಜಾಗ್ದಾಗೆ, ಇಂಗೇ ಸೌಟ್ ಇಡ್ಕಂಡ್ ನಿಂತ್ಕಂತಿದ್ದೆ. ಮೂರ್ ಕಪ್ಪೂ ನಿನ್ ಬೆನ್ನಿಂದೇನೇ ಗೆದ್ದಿದ್ದು. ಈ ಮನೇಲಿ ಒಬ್ರೂ ನೋಡಿಲ್ಲ."

"ಮತ್ತೆ ಹೇಳ್ಬೇಕಲ್ವಾ ಅತ್ತೆ?"

"ನೀ ಅಡ್ಡ ನಿಂತಾಗೆಲ್ಲ ಗೆಲ್ತಿದ್ವಲ್ಲವ್ವ. ನಿಂಗೇಳಿ ಸರಿಸಿದ್ಮ್ಯಾಕೆ ಸೋತ್ರೆ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಎಪ್ಪತ್ತೆರಡು ವರ್ಷದ ಹೆಂಗಸು, ಹದಿನೆಂಟು ವರ್ಷ ನನ್ನ ನೈಟಿಯ ಹೂವಿನ ಚಿತ್ತಾರವನ್ನು ವಿಶ್ವಕಪ್ ಎಂದು ನೋಡಿದ್ದಾರೆ. ಆ ನಾಚಿಕೆಯನ್ನೆಲ್ಲ ಸೇರಿಸಿ ಗಂಡನ ಮೇಲೆ ಹಾಕಿದೆ.

"ನೀವೂ ನೋಡ್ಲಿಲ್ಲ, ನಂಗೂ ನೋಡಕ್ ಬಿಡ್ಲಿಲ್ಲ."

"ನಾನ್ ನೋಡಿದ್ನಲ್ಲ" ಎಂದರು ನಿರಂಜನ್. ಸೌಟನ್ನು ಚೆಂಡಿನ ಹಾಗೆ ಮೇಲೆತ್ತಿ, ಹಾಲ್‌ನಲ್ಲಿ ಹಿಂದಕ್ಕೆ ಹಿಂದಕ್ಕೆ ಓಡಿ ತೋರಿಸಿದರು. "ಕ್ಯಾಪ್ಟನ್ ಹಿಂಗೆ ಹಿಂದಕ್ ಓಡಿದ್ಲು ಕಣೇ, ಬಿಡ್ತಾಳೆ ಅಂತ್ಲೇ ಅನ್ಕೊಂಡೆ, ಎಗರಿ ಹಿಡಿದೇಬಿಟ್ಲು. ಮೈ ಜುಂ ಅಂತು."

"ಎಲ್ಲಿ ನೋಡಿದ್ರಿ?"

"ಹೊಗೆ ಹೋಗ್ಲಿ ಅಂತ ಕಿಟಕಿ ಡಬ್ಬ ಎಲ್ಲ ಕೆಳಗಿಟ್ಟೆ. ವಾಜಿದ್ ಮನೆ ಟಿವಿ ಪೂರ್ತಿ ಕಾಣುತ್ತೆ. ನಮ್ದಕ್ಕಿಂತ ದೊಡ್ಡದು, ಗೊತ್ತಾ?"

ಅಡುಗೆಮನೆಗೆ ಹೋಗಿ ನೋಡಿದೆ. ಡಬ್ಬಗಳಿಲ್ಲದ ಕಿಟಕಿಯ ಆಚೆ, ನನ್ನ ಒಲೆಗೆ ನೇರವಾಗಿ, ಬಾಗಿಲಿನಷ್ಟು ಅಗಲದ ಟಿವಿ. ಅದರ ಪಕ್ಕದಲ್ಲಿ ಗಜಾಲಾ ಕೈ ಎತ್ತಿದಳು. "ಶಾಂತಲಕ್ಕಾ, ಇಷ್ಟ್ ವರ್ಷ ನಿಮ್ ಕಿಟಕೀಲಿ ಬರೀ ಡಬ್ಬ. ಇವತ್ತು ಭಾಯ್ ಜೊತೆ ಕೂತು ನೋಡ್ದಂಗಾಯ್ತು ನೋಡಿ."

ಹಾಲ್‌ಗೆ ಬಂದು ಅತ್ತೆಯ ಪಕ್ಕ ಕೂತೆ. ಧ್ವನಿಯನ್ನು ಆದಷ್ಟು ಮೃದು ಮಾಡಿಕೊಂಡೆ. "ಅತ್ತೆ, ಯೋಚ್ನೆ ಮಾಡ್ದೆ. ಮುಂದಿನ ಫೈನಲ್‌ಗೆ ನಾನೇ ಒಳಗಿರ್ತೀನಿ. ಪಾಪ, ಇವರಿಗ್ಯಾಕೆ ತೊಂದ್ರೆ."

"ನಂಗೇನ್ ತೊಂದ್ರೆ ಇಲ್ಲ" ಎಂದು ನಿರಂಜನ್ ಸೌಟನ್ನು ಎದೆಗೆ ಅವಚಿಕೊಂಡರು.

ಅತ್ತೆ ಸೀದುಹೋದ ಬಜ್ಜಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ತೀರ್ಪು ಕೊಟ್ಟರು.

"ಗೆದ್ದಿದ್ ಜಾಗ ಬದಲಾಯಿಸ್ಬಾರ್ದು. ಇನ್ಮ್ಯಾಕೆ ಅವ್ನು ಬಾಣ್ಲಿ, ನೀನು ಸೋಫಾ. ಕಪ್ಪು ಮುಗಿಯೋಗಂಟ ಅಲ್ಲಿಂದ ಏಳಂಗಿಲ್ಲ."