ಗೀಸರಿನ ಕೆಂಪು ದೀಪ

ಎಲ್ಲದಕ್ಕೂ ಮೂಲ ಒಂದು ಫ್ಯಾನು. ಡಿಸೆಂಬರಿನ ಒಂದು ರಾತ್ರಿ ಸೊಳ್ಳೆ ಕಾಟಕ್ಕೆ ಬೇಸತ್ತ ಕುಸುಮ ಎರಡರಲ್ಲಿದ್ದ ಫ್ಯಾನನ್ನು ಮೂರಕ್ಕೆ ತಿರುಗಿಸಿದಳು. ಅಷ್ಟಕ್ಕೇ ಅವಳ ಗಂಡ ಮಾರ್ತಾಂಡ ದಡಕ್ಕನೆ ಎದ್ದು ಕೂತು, ಏನಾಯಿತು, ಯಾರು ಸತ್ತರು ಎಂಬಂತೆ ಸುತ್ತ ನೋಡಿದ. ಸೆಖೆಯಿರಲಿ, ಚಳಿಯಿರಲಿ, ಅವನಿಗೆ ಎರಡೇ ಆಗಬೇಕು.

ಮರುದಿನ ಬೆಳಿಗ್ಗೆ ಅದೇ ಮಾರ್ತಾಂಡ, ಶುಕ್ರವಾರ ಫ್ಯಾಕ್ಟರಿಯವರ ಜೊತೆ ಎರಡು ರಾತ್ರಿ ಕ್ಯಾಂಪಿಂಗ್‌ಗೆ ಹೋಗುವುದಾಗಿ ಹೇಳಿದಾಗ ಕುಸುಮಳಿಗೆ ನಗು ತಡೆಯಲಾಗಲಿಲ್ಲ.

"ಫ್ಯಾನ್ ಎರಡರಿಂದ ಮೂರಕ್ಕ ಹೋದ್ರ ಏಳೋ ಮನಷ್ಯಾ. ನೀವು ತಂಬುನ್ಯಾಗ ಮಲಗತೀರೇನು?"

"ಯಾಕ, ಮಲಗಬಾರದೇನು?"

"ಮಲಗ್ರಿ, ಯಾರು ಬ್ಯಾಡ ಅಂದ್ರು. ಎರಡನೇ ದಿನಾನ ಗಾದಿ, ಬಿಸಿನೀರು, ಸಾರು ಅಂತ ಫೋನ್ ಮಾಡತೀರಿ ನೋಡ್ರಿ. ನಾ ಏನು ನಿಮ್ಮನ್ನ ನಿನ್ನೆ ನೋಡೇನೇನು?"

ಇದು ಅವನಿಗೆ ನಾಟಿತು. ನಾಟಲು ಕಾರಣ, ಅದು ನಿಜವಾಗಿತ್ತು. ಗದಗಿನಿಂದ ಬಂದು ಪುಣೆಯಲ್ಲಿ ಹದಿನೆಂಟು ವರ್ಷ. ಚಾಕಣದ ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುವ ಕೆಲಸ, ಹಡಪಸರದಲ್ಲಿ ಮೂರನೇ ಮಹಡಿಯ ಎರಡು ಕೋಣೆಯ ಮನೆ. ದಿನಾ ಕಂಪನಿ ಬಸ್ಸಿನಲ್ಲಿ ಹೋಗಿಬರುವಷ್ಟರಲ್ಲಿ ಮೈ ಹಣ್ಣಾಗುತ್ತಿತ್ತು. ಸಂಜೆ ಬಂದು ಒಂದು ಬಕೆಟ್ ಬಿಸಿನೀರು ಸುರಿದುಕೊಂಡು, ಕುಸುಮ ಮಾಡಿದ ಅನ್ನ-ಸಾರು ಉಂಡು, ತನ್ನ ಮೈಯ ಅಚ್ಚಿಗೆ ತಕ್ಕಂತೆ ತಗ್ಗು ಬಿದ್ದಿದ್ದ ಆ ಹತ್ತಿ ಗಾದಿಯ ಮೇಲೆ ಉರುಳಿದರೆ ಅವನ ಮಟ್ಟಿಗೆ ಲೋಕ ಸರಿಯಾಗಿತ್ತು. ಆದರೆ ಇದನ್ನೆಲ್ಲ ಹೆಂಡತಿಯ ಎದುರು ಒಪ್ಪಿಕೊಳ್ಳುವುದುಂಟೆ.

"ಈ ನಾಕು ಗ್ವಾಡಿ ಒಳಗ ಏನದ?" ಎಂದ. "ಮನಷ್ಯಾ ಅಂದಮ್ಯಾಲ ಆಕಾಶದ ಕೆಳಗ ಮಲಗಬೇಕು. ಒಂದ್ ಸಲನೂ ಮನಿ ನೆನಸೂದಿಲ್ಲ, ನೋಡ್ತಿರು."

ಕುಸುಮ ನಗು ನಿಲ್ಲಿಸಿ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ, ಮನೆಯ ಕೀಲಿಕೈ ನೀರಿನಲ್ಲಿ ಬೀಳಿಸಿಕೊಂಡು ಬರುವುದು ಬೇಡ, ಇಲ್ಲೇ ಇಟ್ಟು ಹೋಗಿ ಎಂದಳು. ಅವನು ಇಟ್ಟು ಹೋದ.

ಕ್ಯಾಂಪು ಅಣೆಕಟ್ಟಿನ ಹಿನ್ನೀರ ದಂಡೆಯಲ್ಲಿತ್ತು. ಎಲ್ಲ ಏರ್ಪಾಡು ಮಾಡಿದವನು ಅವನ ಮ್ಯಾನೇಜರ್ ಋಷಿಕೇಶ. ಮೈಸೂರಿನವನು, ಮೂವತ್ತೊಂದರ ಹುರುಪಿನ ಹುಡುಗ. "ಸಾರ್, ನಿಮಗೆ ಕಾರ್ನರ್ ಟೆಂಟ್ ಇಟ್ಟಿದೀನಿ, ವ್ಯೂ ಸೂಪರ್ ಆಗಿದೆ," ಎಂದ. ವ್ಯೂ ಇತ್ತು, ಸುಳ್ಳಲ್ಲ. ಆದರೆ ತಂಬುವಿನ ಕೆಳಗೆ ಒಂದು ಕಲ್ಲೂ ಇತ್ತು. ಮಾರ್ತಾಂಡ ಎಡಕ್ಕೆ ಹೊರಳಿದರೆ ಎಡಗಡೆಯ ಎಲುಬಿಗೆ, ಬಲಕ್ಕೆ ಹೊರಳಿದರೆ ಬಲಗಡೆಯ ಎಲುಬಿಗೆ, ಆ ಒಂದೇ ಕಲ್ಲು ಬಂದು ಕೂರುತ್ತಿತ್ತು. ಬೆಳಗಾಗುವುದರೊಳಗೆ ಅದರ ಪ್ರತಿ ಮೂಲೆಯೂ ಅವನಿಗೆ ಪರಿಚಯವಾಗಿತ್ತು.

ಎದ್ದವನೇ ಫೋನು ತೆಗೆದು, ನೀರ ಮೇಲೆ ಸೂರ್ಯ ಹುಟ್ಟುವ ಫೋಟೋ ಹಿಡಿದು ಕುಸುಮಳಿಗೆ ಕಳಿಸಿದ. ಕೆಳಗೆ ಬರೆದ: 'ಗಾದಿ ಅನ್ನೂದು ಬೆನ್ನಿಗೆ ದೊಡ್ಡ ಶತ್ರು ಅಂತ ಇವತ್ತು ತಿಳೀತು.'

ಆಮೇಲೆ ಸ್ನಾನ. ಹಿನ್ನೀರಿನಲ್ಲಿ ಕಾಲಿಟ್ಟಾಗ ಮೊಣಕಾಲಿನವರೆಗೆ ಜೀವ ಹೋಯಿತು. ಹಲ್ಲು ಕಟಕಟ ಅನ್ನುತ್ತಿದ್ದರೂ ಒಂದು ಫೋಟೋ ತೆಗೆಸಿಕೊಂಡು ಬರೆದ: 'ಗೀಸರಿನ ನೀರು ಸತ್ತ ನೀರು. ಇದು ಜೀವ ಇರೂ ನೀರು.' ಮಧ್ಯಾಹ್ನ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿಹಿಟ್ಟು ಇದ್ದ ರೊಟ್ಟಿ ಬಂತು. ಅದಕ್ಕೂ ಫೋಟೋ: 'ಕಲ್ಲಿನ ಒಲಿ ಮ್ಯಾಲಿನ ರೊಟ್ಟಿ ಮುಂದ ಯಾವ ಸಾರೂ ಇಲ್ಲ.'

ಮೊದಲೆರಡಕ್ಕೆ ಕುಸುಮ 'ಹೌದೇನ್ರಿ?' ಎಂದು ಕೇಳಿದ್ದಳು. ಮೂರನೆಯದಕ್ಕೆ ಬಹಳ ಹೊತ್ತು ಉತ್ತರವೇ ಬರಲಿಲ್ಲ. ಕೊನೆಗೆ 'ಛಲೋ ಆತು ಬಿಡ್ರಿ' ಎಂದು ಬಂತು. ಮಾರ್ತಾಂಡನಿಗೆ ಗೆದ್ದ ಹಾಗಾಯಿತು. ಆದರೆ ಎರಡನೇ ರಾತ್ರಿ ಆ ಕಲ್ಲಿನ ಮೇಲೆ ಮಲಗಿ, ಕಣ್ಣು ಮುಚ್ಚಿಕೊಂಡು, ಬಾತ್‌ರೂಮಿನ ಕೆಂಪು ಬಕೆಟ್ಟು, ಅದರ ಮೇಲೇಳುವ ಹಬೆ, ಸಾರಿನ ಒಗ್ಗರಣೆಯ ಸಪ್ಪಳ ಎಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡ. ಮನೆಗೆ ಹೋಗಬೇಕು ಅನ್ನಿಸಿತು. ನಲವತ್ತಾರು ವರ್ಷದ ಗಂಡಸಿಗೆ ಅದು ನಾಚಿಕೆಯ ಮಾತಾದರೂ, ಅನ್ನಿಸಿದ್ದು ಅನ್ನಿಸಿತು.

ಭಾನುವಾರ ಮಧ್ಯಾಹ್ನ ಒಂದು ಹತ್ತಕ್ಕೆ, ಮೈಯೆಲ್ಲ ಮಣ್ಣು ಹೊಗೆ ವಾಸನೆ ಹೊತ್ತು ಅವನು ಮೂರನೇ ಮಹಡಿ ತಲುಪಿದ. ಬಾಗಿಲಿಗೆ ಕೀಲಿ ಹಾಕಿತ್ತು.

ಫೋನು ತೆಗೆದು ನೋಡಿದರೆ ಕುಸುಮಳ ಮೆಸೇಜು: 'ಸ್ವಲ್ಪ ಹೊರಗ ಹೊಂಟೀನಿ. ನಾಕೂವರಿಗೆ ಬರ್ತೀನಿ. ಕೀಲಿಕೈ ಸುಲಭಾತಾಯಿ ಕಡೆ ಅದ.'

ಸುಲಭಾತಾಯಿಯ ಬಾಗಿಲು ಎದುರಿಗೇ ಇತ್ತು, ನಾಲ್ಕು ಹೆಜ್ಜೆ. ಆದರೆ ಆ ಬಾಗಿಲಿಗೆ ಒಂದು ಫಲಕವೂ ಇತ್ತು. ನಿವೃತ್ತ ಶಿಕ್ಷಕಿಯ ದುಂಡನೆಯ ಮರಾಠಿ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: 'ಮಧ್ಯಾಹ್ನ ಒಂದರಿಂದ ನಾಲ್ಕು ವಿಶ್ರಾಂತಿ. ಬೆಲ್ ಒತ್ತಬಾರದು. ಒತ್ತಿದರೆ ಬಾಗಿಲು ತೆರೆಯುವುದಿಲ್ಲ, ಒತ್ತಿದವರನ್ನು ಮರೆಯುವುದೂ ಇಲ್ಲ.'

ಪುಣೆಯಲ್ಲಿ ಹದಿನೆಂಟು ವರ್ಷ ಕಳೆದವನಿಗೆ ಆ ಮೂರು ಗಂಟೆಯ ಬೆಲೆ ಗೊತ್ತು. ಹೋದ ವರ್ಷ ಒಬ್ಬ ಕೊರಿಯರಿನವನು ಎರಡೂವರೆಗೆ ಬೆಲ್ ಒತ್ತಿದ್ದ. ಸುಲಭಾತಾಯಿ ಈಗಲೂ ಅವನ ವಿಷಯ ಹೇಳುತ್ತಾರೆ. ಮಾರ್ತಾಂಡ ಬೆರಳನ್ನು ಬೆಲ್ಲಿನವರೆಗೆ ಒಯ್ದ, ವಾಪಸು ತಂದ, ಇನ್ನೊಮ್ಮೆ ಒಯ್ದ. ಬರೀ ಹತ್ತು ನಿಮಿಷದಲ್ಲಿ ತಪ್ಪಿತಲ್ಲ ಎಂದು ಹೊಟ್ಟೆ ಉರಿದುಕೊಂಡು ಮೆಟ್ಟಿಲ ಮೇಲೆ ಕೂತ.

ಆಗಲೇ ಕೆಳಗಿನಿಂದ ಡಬ್ಬಿ ಹಿಡಿದುಕೊಂಡು ಸದಾನಂದ ಶೆಟ್ಟರು ಬಂದರು. ಅವರದು ಕುಂದಾಪುರ ಕಡೆ. ಗೇಟಿನ ಎದುರಿಗೇ ಹೋಟೆಲು, ನಾಲ್ಕನೇ ಮಹಡಿಯಲ್ಲಿ ಮನೆ. ದಿನವೂ ಈ ಹೊತ್ತಿಗೆ ತಾಯಿಗೆ ಊಟ ತಾವೇ ಒಯ್ಯುತ್ತಿದ್ದರು.

"ಎಂಥ ಮಾರ್ತಾಂಡ್ರೇ, ಮನೆ ಬಿಟ್ಟು ಮೆಟ್ಲ ಮೇಲೆ ಕೂತದ್ದು?"

ಕೀಲಿಕೈ ಇಲ್ಲ, ಮೈ ನೋಯುತ್ತಿದೆ, ಅಳು ಬರುತ್ತಿದೆ ಎಂದು ಹೇಳಬಹುದಿತ್ತು. ಅವನು ಹೇಳಿದ್ದು ಬೇರೆ. "ಒಳಗ ಯಾಕೋ ಉಸಿರು ಕಟ್ಟಿದಂಗ ಆಗ್ತದ್ರಿ. ಇಲ್ಲಿ ಗಾಳಿ ಛಲೋ ಅದ."

"ಗೊತ್ತುಂಟು, ಗೊತ್ತುಂಟು," ಎಂದರು ಶೆಟ್ಟರು. "ಕುಸುಮಕ್ಕ ನಿಮ್ಮ ಫೋಟೋ ಎಲ್ಲ ಸೊಸೈಟಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ರಲ್ಲ. ಬರೆದದ್ದನ್ನೂ ಓದಿದೆ. ಜೀವ ಇರುವ ನೀರು ಅಂತ. ಒಳ್ಳೇದು ಬರೆದಿದ್ದೀರಿ ಮಾರಾಯ್ರೇ."

ಡಬ್ಬಿಯೊಳಗಿಂದ ಸಾರಿನ ವಾಸನೆ ಬಂತು. ಬಿಸಿ ಸಾರು, ಬಿಸಿ ಅನ್ನ, ಇಂಗು. ಮಾರ್ತಾಂಡನ ಕಣ್ಣು ಡಬ್ಬಿಗೆ ಅಂಟಿಕೊಂಡಿತು.

ಶೆಟ್ಟರು ಅದನ್ನು ಗಮನಿಸಿದರು. "ಊಟಕ್ಕೆ ಬನ್ನಿ ಅಂತ ಹೇಳ್ತಿದ್ದೆ. ಆದ್ರೆ ಕಲ್ಲಿನ ಒಲೆ ರೊಟ್ಟಿ ತಿಂದ ಬಾಯಿಗೆ ನಮ್ಮ ಸಾರು ಎಂಥ ರುಚಿಸ್ತದೆ? ಸ್ನಾನಕ್ಕೆ ಬನ್ನಿ ಅನ್ನುವ ಅಂದ್ರೆ ನಮ್ಮಲ್ಲೂ ಗೀಸರೇ." ಹೀಗೆ ಹೇಳಿ, ಒಂದು ಕ್ಷಣ ಯೋಚಿಸಿ, ಅವರು ಉಪಕಾರಕ್ಕೆ ಇಳಿದರು. "ಇರಿ, ನಿಮಗೆ ಬೇಕಾದ್ದು ಕೆಳಗೆ ಉಂಟು."

ಬೇಡ ಎನ್ನಲು ಮಾರ್ತಾಂಡನಿಗೆ ಒಂದೇ ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. ಡಬ್ಬಿಯನ್ನು ಮನೆಗೆ ಮುಟ್ಟಿಸಿ ಬಂದ ಶೆಟ್ಟರು ಅವನ ರಟ್ಟೆ ಹಿಡಿದು ಕೆಳಗಿಳಿಸಿದರು. ತೋಟಕ್ಕೆ ನೀರು ಬಿಡುವ ಪೈಪನ್ನು ವಾಚ್‌ಮನ್ ನಲ್ಲಿಗೆ ಸಿಕ್ಕಿಸಿದ. ಬನಿಯನ್-ಚಡ್ಡಿಯಲ್ಲಿ ನಿಂತ ಮಾರ್ತಾಂಡನ ನೆತ್ತಿಗೆ ನೆಲದಡಿಯ ಟ್ಯಾಂಕಿನ ಡಿಸೆಂಬರ್ ನೀರು ಬಿತ್ತು. ಅವನು ಹಾಕಿದ ಕೂಗನ್ನು ನೆರೆದವರು ಆನಂದದ್ದೆಂದು ತಿಳಿದರು. ಮೂರು ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಯಾರೋ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರು. ಒಂದೇ ನಿಮಿಷದಲ್ಲಿ ಅದಕ್ಕೆ ಕುಸುಮಳಿಂದ ಒಂದು ಕೆಂಪು ಹೃದಯ ಬಂತು.

ಹೊಟ್ಟೆಗೇನೂ ಇಲ್ಲದೆ, ಒದ್ದೆ ಬನಿಯನ್ನಿನಲ್ಲಿ ನಡುಗುತ್ತ ಮೇಲೆ ಬಂದಾಗ ಎರಡೂಕಾಲು ಗಂಟೆಯಾಗಿತ್ತು. ಚೀಲದಿಂದ ಚಾಪೆ ತೆಗೆದು ತನ್ನ ಬಾಗಿಲ ಮುಂದೆಯೇ ಹಾಸಿಕೊಂಡ. ಬಾಗಿಲ ಆ ಕಡೆ ಹನ್ನೆರಡು ಹೆಜ್ಜೆಗೆ ಅವನ ಗಾದಿ. ನಡುವೆ ಒಂದಿಂಚಿನ ಹಲಗೆ. ಈ ಹಲಗೆಯಾಚೆ ಇರುವುದಷ್ಟೇ ನನ್ನ ಸುಖ, ಅದನ್ನು ಹೀಯಾಳಿಸಿ ಹೋದೆನಲ್ಲ ಎಂದು ಅವನಿಗೆ ಮನಸಾರೆ ದುಃಖವಾಯಿತು. ಕುಸುಮ ಬಂದ ಕೂಡಲೇ ಎಲ್ಲ ಒಪ್ಪಿಕೊಂಡುಬಿಡಬೇಕು, ನೀ ಹೇಳಿದ್ದ ಖರೆ ಅನ್ನಬೇಕು. ನಗಲಿ, ವರ್ಷವಿಡೀ ಆಡಿಕೊಳ್ಳಲಿ, ಪರವಾಗಿಲ್ಲ.

ಸರಿಯಾಗಿ ನಾಲ್ಕಕ್ಕೆ ಎದುರು ಬಾಗಿಲು ತೆರೆಯಿತು. ಸುಲಭಾತಾಯಿ ಸೊಲ್ಲಾಪುರದವರು, ಕನ್ನಡ ಚೆನ್ನಾಗಿ ಬರುತ್ತಿತ್ತು.

"ಅಯ್ಯ, ಮಾರ್ತಾಂಡರಾವ, ಇಲ್ಲಿ ಯಾಕ ಮಲಗೀರಿ? ಬೆಲ್ ಒತ್ತಬಾರದೇನು?"

ಅವನು ಫಲಕದ ಕಡೆ ಬೆರಳು ತೋರಿಸಿದ.

"ಅದು ಹೊರಗಿನವರಿಗೆ. ನೀವು ಬರ್ತೀರಿ ಅಂತ ನಾ ಒಂದರಿಂದ ಎಚ್ಚರ ಇದ್ದು ಕೂತೀನಿ. ಇವತ್ತಿನ ನಿದ್ದಿ ಹೋತು ನಂದು." ಕೀಲಿಕೈ ಕೊಟ್ಟು, "ಮಗಳು ಅಳಿಯ ನಾಶಿಕದಿಂದ ಬರೂ ಹೊತ್ತಾತು," ಎನ್ನುತ್ತ ಒಳಗೆ ಹೋದರು.

ಮಾರ್ತಾಂಡ ಒಳಗೆ ಹೋದವನೇ ಗೀಸರಿನ ಸ್ವಿಚ್ಚು ಒತ್ತಿದ. ಕೆಂಪು ದೀಪ ಹತ್ತಿತು. ನೀರು ಕಾದ ಮೇಲೆ ಅದು ತಾನೇ ಆರುತ್ತದೆ. ಅಷ್ಟು ಹೊತ್ತು ಗಾದಿಯ ಮೇಲೆ ಬಿದ್ದುಕೊಳ್ಳೋಣ ಎಂದು ಬಿದ್ದುಕೊಂಡ. ತಗ್ಗು ಅವನನ್ನು ಗುರುತು ಹಿಡಿಯಿತು. ಸ್ವಿಚ್ಚು ಹಾಕಿದೊಡನೆ ಫ್ಯಾನು ಎರಡರಲ್ಲೇ ತಿರುಗಿತು. ಅವನಿಗೆ ನಿಜವಾಗಿ ಕಣ್ಣೀರು ಬಂತು.

ಬಾಗಿಲ ಸದ್ದಾಯಿತು. ಕುಸುಮ ಬಂದಳು. ಕಾಲಲ್ಲಿ ಹೊಸ ಬೂಟು, ಕೈಯಲ್ಲಿ ಎರಡು ಉಣ್ಣೆಯ ಟೋಪಿ.

"ಕುಸುಮಾ, ನಿನಗೊಂದು ಮಾತು ಹೇಳಬೇಕಿತ್ತು," ಎಂದು ಅವನು ಎದ್ದು ಕೂತ.

"ಮೊದಲ ನಾ ಹೇಳತೀನಿ. ತಡದ್ರ ನನಗ ಧೈರ್ಯ ಸಾಲೂದಿಲ್ಲ." ಅವಳು ಬೂಟು ಹಾಕಿಕೊಂಡೇ ಗಾದಿಯ ಅಂಚಿಗೆ ಕೂತಳು. "ಹದಿನೆಂಟು ವರ್ಷ ಆತ್ರಿ, ಇದ ಒಲಿ, ಇದ ಸಾರು. ನನಗ ಎಲ್ಲ್ಯಾರ ಹೋಗಬೇಕು, ಬಯಲಾಗ ಮಲಗಿ ಚುಕ್ಕಿ ನೋಡಬೇಕು ಅಂತ ಭಾಳ ಆಸೆ ಇತ್ತು. ನಿಮಗ ಮನಿ ಬಿಟ್ರ ಆಗೂದಿಲ್ಲ ಅಂತ ಬಾಯಿ ಬಿಡಲಿಲ್ಲ. ನಿಮ್ಮನ್ನ ಆಡಿಕೊಂಡದ್ದೂ ಅದ ಹೊಟ್ಟಿಕಿಚ್ಚಿಗೆ. ನೀವು ಸಾರಿನ ಬಗ್ಗೆ ಬರದದ್ದು ಓದಿ ಮೊದಲ ಅಳು ಬಂತು. ಆಮ್ಯಾಲ ಅನಿಸ್ತು, ಇಬ್ಬರಿಗೂ ಇದ ಬೇಕಾಗಿತ್ತಲ್ಲ."

ಮಾರ್ತಾಂಡ ಅವಳ ಕೈಯಲ್ಲಿದ್ದ ಎರಡನೇ ಟೋಪಿಯನ್ನು ನೋಡಿದ.

"ಋಷಿಕೇಶ ಅವರಿಗೆ ಫೋನ್ ಮಾಡಿದ್ದೆ. ನಾಕು ದಿನ ರಜಾ ಕೊಟ್ಟಾರ. ಜಾಗಾನೂ ಅವರ ಹೇಳಿ ಇಟ್ಟಾರ. ನೀವು ಮಲಗಿದ್ದ ಮೂಲಿ ತಂಬುನ ಬೇಕು ಅಂತ ನಾ ಹಟ ಮಾಡಿ ತಗೊಂಡೆ. ಟ್ಯಾಕ್ಸಿ ಕೆಳಗ ನಿಂತದ."

ಈಗ ಹೇಳಬೇಕಾಗಿತ್ತು. ಹೇಳಲು ಬಾಯಿಯನ್ನೂ ತೆರೆದ. ಕುಸುಮ ಹೊಸ ಬೂಟಿನ ತುದಿಯನ್ನು ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಪುಣೆ ಸ್ಟೇಷನ್ನಿನಲ್ಲಿ ಇಳಿದಾಗ ಅವಳ ಮುಖ ಹೀಗಿತ್ತು, ಆಮೇಲೆ ಎಂದೂ ಹೀಗೆ ಕಂಡ ನೆನಪಿಲ್ಲ. ತನಗೆ ಮನೆಯೆಂದರೆ ಬಿಸಿನೀರು ಮತ್ತು ಸಾರು, ಅವಳಿಗೆ ಅದೇ ಮನೆಯೆಂದರೆ ನೀರು ಕಾಯಿಸುವುದು ಮತ್ತು ಸಾರು ಮಾಡುವುದು ಎಂಬುದು ಅವನ ತಲೆಗೆ ಹೊಳೆದದ್ದು ಆಗ.

"ನೀವು ಏನೋ ಹೇಳತಿದ್ರಿ?"

"ಏನಿಲ್ಲ," ಎಂದ ಮಾರ್ತಾಂಡ. "ಅಲ್ಲಿ ಚಳಿ ಭಾಳ ಅದ. ಶಾಲು ತಗೋ."

ಕುಸುಮ ಮೊದಲೇ ಕಟ್ಟಿಟ್ಟಿದ್ದ ಎರಡು ಚೀಲಗಳನ್ನು ಹೆಗಲಿಗೇರಿಸಿಕೊಂಡು ಅವನು ಬಾಗಿಲಿಗೆ ಬರುವಷ್ಟರಲ್ಲಿ ಬಾತ್‌ರೂಮಿನ ಹೊರಗಿನ ಕೆಂಪು ದೀಪ ಆರಿತು. ಅದೇ ಗಳಿಗೆಗೆ ಸುಲಭಾತಾಯಿ ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಎದುರಾದರು. ಅವರ ಮನೆಯಲ್ಲಿ ಜಾಗ ಸಾಲದೆಂದು ಕುಸುಮ ಈ ನಾಲ್ಕು ದಿನಕ್ಕೆ ತಮ್ಮ ಮನೆ ಬಿಟ್ಟುಕೊಟ್ಟಿದ್ದಳಂತೆ. ಅಳಿಯ ಅಪ್ಪಟ ಸಭ್ಯ. ಪ್ರಯಾಣದಲ್ಲಿ ಮೈ ಧೂಳಾಗಿತ್ತು. ಸಂಕೋಚದಿಂದಲೇ, ಸ್ನಾನಕ್ಕೆ ಬಿಸಿನೀರು ಸಿಗಬಹುದೇ ಎಂದು ಮರಾಠಿಯಲ್ಲಿ ಕೇಳಿದ.

ಕುಸುಮ ಗೀಸರಿನ ಸ್ವಿಚ್ಚಿನ ಕಡೆ ನೋಡಿದಳು, ಆಮೇಲೆ ಗಂಡನ ಕಡೆ. ಅವಳ ಕಣ್ಣಲ್ಲಿ ಮೆಚ್ಚುಗೆ ತುಂಬಿ ಬಂತು.

"ನೋಡ್ರಿ ತಾಯಿ, ತಮಗ ಬ್ಯಾಡಾದ್ರೂ ಬರೂ ಮಂದಿಗಂತ ನೀರು ಕಾಸಿಟ್ಟಾರ ಇವರು," ಎಂದು ಹೇಳಿ ಮೆಟ್ಟಿಲಿಳಿದಳು.

ಒಳಗಿನಿಂದ ಕೆಂಪು ಬಕೆಟ್ಟಿಗೆ ನೀರು ಬೀಳುವ ಸದ್ದು ಎರಡನೇ ಮಹಡಿಯವರೆಗೂ ಕೇಳಿಸುತ್ತಿತ್ತು. ಮಾರ್ತಾಂಡ ಚಾಪೆಯನ್ನು ಕಂಕುಳಲ್ಲಿ ಸರಿಪಡಿಸಿಕೊಂಡು, ಅವಳ ಹಿಂದೆ ಕೆಳಗಿಳಿದ.