ವಾರಗಿತ್ತಿಯ ಬ್ಯಾಟರಿ

ಒಂದೇ ಮನೆಯಲ್ಲಿ ಇಬ್ಬರು ಸೊಸೆಯರು, ಇಬ್ಬರಿಗೂ ಮನೆಯಿಂದಲೇ ಆಫೀಸು ಅಂದಮೇಲೆ ತಮಾಷೆಗೆ ಟಿವಿ ಹಾಕಬೇಕಾಗಿಲ್ಲ. ಇಟ್ಟಮಡುವಿನ ನಮ್ಮ ಮನೆಯಲ್ಲಿ ಕೆಳಗೆ ನಾವು ಮತ್ತು ಅತ್ತೆ, ಮೇಲೆ ಮೈದುನ ಮತ್ತು ನನ್ನ ವಾರಗಿತ್ತಿ. ಅವಳ ಲ್ಯಾಪ್‌ಟಾಪ್ ಹೊಸದು. ನನ್ನದರ ಬ್ಯಾಟರಿ ಸತ್ತು, ಚಾರ್ಜರ್ ಚುಚ್ಚಿದರೆ ಮಾತ್ರ ಉಸಿರಾಡುತ್ತಿತ್ತು.

ಸ್ವಿಚ್ಚು

ಆನ್ ಆಗಿರುವ ಸ್ವಿಚ್ ಕಂಡರೆ ನಮ್ಮತ್ತೆಗೆ ಕೈ ತಡೆಯುವುದಿಲ್ಲ. ಫ್ಯಾನಿನ ಕೆಳಗೆ ಯಾರು ಕೂತಿದ್ದಾರೆ ಅಂತಲೂ ನೋಡದೆ ಆರಿಸುತ್ತಾರೆ. ಒಂದು ದಿನ ನಾನು ಮ್ಯಾನೇಜರಿಗೆ ಏನೋ ವಿವರಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಹಾದುಹೋದರು, ಟಕ್ ಅಂತು, ಮ್ಯಾನೇಜರು ಮಾಯ.

"ಅತ್ತೆ, ನನ್ನ ಮೀಟಿಂಗ್ ಹೋಯ್ತು."

"ಮೇಲಿನವಳದ್ದು ನೋಡು, ವೈರೇ ಇಲ್ದೆ ದಿನವಿಡೀ ಓಡುತ್ತೆ. ಕರೆಂಟೂ ಉಳಿಯತ್ತೆ."

ಅವಳೂ ಮೇಲೆ ಚಾರ್ಜ್ ಮಾಡಿಕೊಂಡೇ ಬರುತ್ತಾಳೆ ಅಂದೆ. "ನನ್ನ ಕಣ್ಣಿಗಂತೂ ಬಿದ್ದಿಲ್ಲಮ್ಮ" ಎಂದರು.

ಹಗ್ಗ

ವಾರಗಿತ್ತಿ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ಬರುವಳು. ಅಡುಗೆಮನೆ ಕಟ್ಟೆಯ ಮೇಲಿಟ್ಟು, ಒಂದು ಕಣ್ಣು ಮೀಟಿಂಗಿಗೆ, ಇನ್ನೊಂದು ಹಾಲಿಗೆ. ಅತ್ತೆ ಬಂದವರಿಗೆಲ್ಲ ಹೇಳುವರು: "ಚಿಕ್ಕವಳು ಆಫೀಸೂ ಮಾಡ್ತಾಳೆ, ಹಾಲೂ ನೋಡ್ಕೋತಾಳೆ. ದೊಡ್ಡವಳನ್ನ ವೈರು ಗೋಡೆಗೆ ಕಟ್ಟಿಹಾಕಿದೆ, ಪಾಪ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಕ್ಕದ ಮನೆ ಆಂಟಿ ನನ್ನ ಮೂಲೆಯತ್ತ ನೋಡಿ, "ಹಗ್ಗ ಸ್ವಲ್ಪ ಉದ್ದ ಮಾಡ್ಸಿ, ಬಾಗಿಲವರೆಗಾದ್ರೂ ಬರ್ಲಿ" ಅಂದರು.

ಊತ

ಕೊನೆಗೆ ಲ್ಯಾಪ್‌ಟಾಪಿನ ತಳವೇ ಉಬ್ಬಿತು. ಜಯನಗರದ ಒಂದು ಅಂಗಡಿಗೆ ಒಯ್ದೆ. ಅಂಗಡಿಯವನು ಬಿಚ್ಚಿ ನೋಡಿ, "ಬ್ಯಾಟರಿ ಊದ್ಕೊಂಡಿದೆ ಮೇಡಂ. ಒಳಗೊಳಗೇ ಗ್ಯಾಸ್ ತುಂಬ್ಕೊಳತ್ತೆ, ಮೊದಮೊದಲು ಹೊರಗೆ ಏನೂ ಕಾಣಲ್ಲ" ಎಂದ. ನನ್ನ ಬಗ್ಗೆಯೇ ಹೇಳಿದಂತಾಯಿತು. ಹೊಸದು ಹಾಕು ಎಂದೆ.

"ಎಷ್ಟು ಹೊತ್ತು ಬರೋದು ಬೇಕು ಮೇಡಂ?"

"ನನ್ನ ವಾರಗಿತ್ತೀದಕ್ಕಿಂತ ಹತ್ತು ನಿಮಿಷ ಜಾಸ್ತಿ ಬಂದ್ರೆ ಸಾಕಪ್ಪ."

ಸೊಪ್ಪು

ಮಾರನೇ ಬೆಳಿಗ್ಗೆ ವೈರ್ ಬಿಚ್ಚಿಟ್ಟು ನಡುಮನೆಯ ಮಧ್ಯದಲ್ಲಿ ಠೀವಿಯಿಂದ ಕೂತೆ. ಅತ್ತೆಯ ಮುಖ ಅರಳಿತು. "ಹಗ್ಗ ಬಿಚ್ಕೊಂತಾ? ಒಳ್ಳೇದಾಯ್ತು. ಬಾ, ಹಾಲು ನೋಡ್ಕೋ."

ಹಾಲು ಉಕ್ಕಿದ ಮೇಲೆ ಕುಕ್ಕರ್ ಕೂಗು ಎಣಿಸುವ ಕೆಲಸ. ಕುಕ್ಕರ್ ಆದಮೇಲೆ ನೀರಿನ ಮೋಟರ್ ಕಾಯುವ ಕೆಲಸ. ಲ್ಯಾಪ್‌ಟಾಪ್ ಕಂಕುಳಲ್ಲಿ, ಮ್ಯಾನೇಜರು ಕಿವಿಯಲ್ಲಿ. ಇಷ್ಟು ದಿನ ನನ್ನನ್ನು ಕಾಪಾಡಿದ್ದು ಆ ವೈರೇ ಅಂತ ಆಗ ಗೊತ್ತಾಯಿತು.

ನಡುಮನೆಗೆ ವಾಪಸ್ ಬಂದರೆ ನನ್ನ ಹಳೇ ಮೂಲೆಯಲ್ಲಿ ವಾರಗಿತ್ತಿ, ಚಾರ್ಜರ್ ಚುಚ್ಚಿಕೊಂಡು ಹಾಯಾಗಿ ಕೂತಿದ್ದಾಳೆ.

"ನಂದೂ ಬ್ಯಾಟರಿ ಹೋಯ್ತು ಅಕ್ಕ" ಎಂದಳು. ಆಮೇಲೆ ಮೆಲ್ಲಗೆ, "ಈ ಮೂಲೆ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ? ನಿಮ್ಮನ್ನ ಯಾರೂ ಕರೀತಾನೇ ಇರ್ಲಿಲ್ಲ."

ಈಗ ಉರಿಯುವ ಸರದಿ ಮತ್ತೆ ನನ್ನದೇ. ಅಷ್ಟರಲ್ಲಿ ಅತ್ತೆ ಬಂದರು. ಅಭ್ಯಾಸಬಲ, ಟಕ್ ಅಂತ ಚಾರ್ಜರಿನ ಸ್ವಿಚ್ ಆರಿಸಿದರು.

ಅವಳ ಪರದೆ ಹಾಗೇ ಬೆಳಗುತ್ತಿತ್ತು.

ಅತ್ತೆ ಪರದೆ ನೋಡಿದರು, ಅವಳನ್ನು ನೋಡಿದರು. ಒಳಗೆ ಹೋಗಿ ಎರಡು ಕಟ್ಟು ದಂಟಿನ ಸೊಪ್ಪು ತಂದು, ಬಿಡಿಸಲು ಇಬ್ಬರ ಮುಂದೆಯೂ ಒಂದೊಂದು ಇಟ್ಟರು.

ನಾನು ಮೊದಲು ನೋಡಿದ್ದು ಕಟ್ಟುಗಳನ್ನು. ಅವಳದು ಚಿಕ್ಕದಿತ್ತು.