ಐದು ಸೈಕಲ್ಲು, ಹಿಂದೊಂದು ಸ್ಕೂಟರು

ಏನೇನು ಆಗಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೊಪ್ಪದ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಯಾರಾದರೊಬ್ಬರು ನೇರವಾಗಿ ಬಸ್‌ಸ್ಟ್ಯಾಂಡಿನೊಳಗೆ ಹೋಗಿ ನಿಲ್ಲಬಹುದಿತ್ತು. ತಿರುವಿನಲ್ಲಿ ಮರದ ಲಾರಿ ಬರಬಹುದಿತ್ತು. ಲಾರಿ ಬರದಿದ್ದರೆ ಎಮ್ಮೆ ಬರಬಹುದಿತ್ತು. ಲಾರಿಗಾದರೂ ಹಾರ್ನ್ ಇರುತ್ತದೆ. ಪಂಚೆಯ ಚುಂಗು ಚೈನಿಗೆ ಸಿಕ್ಕಿ ಮಂಡಿಯೂ ಮಾನವೂ ಒಟ್ಟಿಗೇ ಹೋಗಬಹುದಿತ್ತು. ಏರಿನಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಕೂತುಬಿಟ್ಟು, ಆಗಷ್ಟೇ ಕೊಂಡ ನನ್ನ ಮೊಬೈಲಿಗೆ ಸಿಗ್ನಲ್ ಸಿಗದೆ, ನಾನು ಗುಡ್ಡ ಹತ್ತಿ ಕೈ ಮೇಲೆತ್ತಿ ನಿಂತು, ಆ ಹತ್ತುವ ಭರದಲ್ಲಿ ನನ್ನದೇ ಎದೆ ಹಿಡಿದುಕೊಳ್ಳಬಹುದಿತ್ತು. ಇದನ್ನೆಲ್ಲ ನಾನು ಶನಿವಾರವೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ನನ್ನ ಹೆಂಡತಿ ಸುಮ ಅದನ್ನು ಓದಿ, "ಇದನ್ನ ಅಪ್ಪಯ್ಯನ ಹತ್ರ ತೋರಿಸಬೇಡಿ ಮಾರಾಯ್ರೆ. ಸೈಕಲ್ ಹತ್ತೋದಕ್ಕೆ ಮೊದಲೇ ಬಿದ್ದುಹೋಗ್ತಾರೆ" ಎಂದಳು.

ಚಿಂತೆ ಮಾಡುವುದು ನನಗೆ ಚಟವಲ್ಲ, ಒಂದು ರೀತಿಯ ಉದ್ಯೋಗ. ಹೈಸ್ಕೂಲಿನಲ್ಲಿ ಗುಮಾಸ್ತನಾಗಿರುವುದು ಬರೀ ಹೊತ್ತುಹೋಗಲಿಕ್ಕೆ. ಮಳೆ ಬಂದರೆ ಹಂಚು ಹಾರೀತೆಂದೂ ಬಾರದಿದ್ದರೆ ಬಾವಿ ಬತ್ತೀತೆಂದೂ ಚಿಂತಿಸುತ್ತ, ನಡುವೆ ಮಂಕಾದ ಬಿಸಿಲು ಬಂದರೆ ಇದೇಕೆ ಹೀಗಿದೆ ಎಂದು ಚಿಂತಿಸುತ್ತ ನಲವತ್ತೆಂಟು ವರ್ಷ ಕಳೆದಿದ್ದೇನೆ. ಇಂಥವನ ಕೈಗೆ ಐದು ಮಂದಿ ಹಿರಿಯರನ್ನು ಕೊಟ್ಟರೆ ಏನಾಗಬೇಡ?

ಕೊಟ್ಟದ್ದು ಮಾವನ ಸಕ್ಕರೆ ಕಾಯಿಲೆ. ನಮ್ಮ ಮಾವ ನಿವೃತ್ತ ಹೆಡ್‌ಮಾಸ್ಟರು, ನಮ್ಮ ಮನೆಯಿಂದ ಎರಡು ಬೀದಿ ಆಚೆ ವಾಸ. ಇಡೀ ಶಾಲೆಯನ್ನು ಹುಬ್ಬಿನಲ್ಲೇ ಆಳಿದವರು, ಆದರೆ ಸೂಜಿ ಎಂದರೆ ಜೀವ ಹೋಗುತ್ತದೆ. ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ದಿನ ಸಾಲು ನಿಲ್ಲಿಸಿ, "ಹೆದರಬಾರದು, ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದು ಭಾಷಣ ಮಾಡಿ, ನರ್ಸು ಪೆಟ್ಟಿಗೆ ತೆರೆಯುವಷ್ಟರಲ್ಲಿ ಆಫೀಸಿನ ಕೆಲಸಕ್ಕೆಂದು ನರಸಿಂಹರಾಜಪುರದ ಬಸ್ಸು ಹತ್ತಿಬಿಡುತ್ತಿದ್ದರಂತೆ. ಅಂಥವರಿಗೆ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: "ಎರಡು ತಿಂಗಳು ನೋಡ್ತೇನೆ ಮಾಸ್ಟ್ರೇ. ಮೈ ಆಡಿಸಿ, ಸಿಹಿ ಬಿಡಿ. ಸಕ್ಕರೆ ಇಳಿದಿಲ್ಲ ಅಂದ್ರೆ ದಿನಾ ಎರಡು ಹೊತ್ತು ಇಂಜೆಕ್ಷನ್ನು." ಮಾವ ಅಂದು ಮನೆಗೆ ಬಂದು ಗೋಡೆ ನೋಡುತ್ತ ಕೂತಿದ್ದರು.

ಅವರನ್ನು ಗೋಡೆಯಿಂದ ಬಿಡಿಸಿದವರು ಸರೋಜಾ ಟೀಚರು. ನನಗೆ ಡ್ರಿಲ್ಲು ಹೇಳಿಕೊಟ್ಟವರು. ಅವರಿಗೆ ಅರವತ್ತೆರಡಾದರೂ ಅವರ ಮುಂದೆ ಈಗಲೂ ನನ್ನ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ. ಟೀಚರು ತಮ್ಮ ತಂಗಿಯ ಊರಿಗೆ ಹೋದಾಗ ಅಲ್ಲಿ ಮುದುಕರು ಗುಂಪುಗುಂಪಾಗಿ, ಅವಸರವಿಲ್ಲದೆ ಸೈಕಲ್ ತುಳಿಯುವುದನ್ನು ನೋಡಿ ಬಂದಿದ್ದರು.

"ಸೈಕಲ್ಲಿಗೇ ಅಂತ ಬೇರೆ ದಾರಿ ಮಾಡಿದ್ದಾರೆ ಅಲ್ಲಿ" ಎಂದರು.

"ನಮ್ಮಲ್ಲೂ ಉಂಟಲ್ಲ ಟೀಚರೇ. ಬಸ್ಸು ಬಂದಾಗ ನಾವೆಲ್ಲ ಇಳಿದು ನಿಲ್ತೇವಲ್ಲ, ಅದೇ ದಾರಿ" ಎಂದರು ಶಿವಪ್ಪನವರು. ಅವರು ನಿವೃತ್ತ ಕಂಡಕ್ಟರು.

"ಅದು ಚರಂಡಿ, ಶಿವಪ್ಪ."

ಅಂತೂ ಭಾನುವಾರ ಬೆಳಿಗ್ಗೆ ಮಾವ, ಟೀಚರು, ಶಿವಪ್ಪನವರು, ಅವರದೇ ವಯಸ್ಸಿನ ಇನ್ನಿಬ್ಬರು, ಹೀಗೆ ಐದು ಸೈಕಲ್ಲು ಹೊರಡುವುದೆಂದಾಯಿತು. ಹಿಂದೆ ಕಾವಲಿಗೆ ನಾನು, ಸ್ಕೂಟರಿನಲ್ಲಿ. ಬ್ಯಾಂಡೇಜು, ಗ್ಲೂಕೋಸು, ಪಂಕ್ಚರ್ ಸಾಮಾನು, ಐದು ಮನೆಗಳ ಫೋನ್ ನಂಬರು, ಒಂದು ಹಗ್ಗ. ಹಗ್ಗ ಯಾಕೆಂದು ಸುಮ ಕೇಳಿದಳು. ಯಾಕೆಂದು ಗೊತ್ತಿದ್ದರೆ ಅದು ಚಿಂತೆ ಹೇಗಾಗುತ್ತದೆ? ಹೊರಡುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಅವರ ಕಾಲು ಟೀಚರು ನೋಡ್ಕೊಳ್ತಾರೆ. ಬಾಯಿ ನಿಮ್ಮ ಜವಾಬ್ದಾರಿ" ಎಂದರು.

ಆ ಮಾತಿನ ಭಾರ ಗೊತ್ತಾದದ್ದು ಹಿರೇಕೊಡಿಗೆಯ ದಾರಿಯಲ್ಲಿ. ಲಾರಿ ಬಂತು, ಶಿವಪ್ಪನವರು ಹಳೆಯ ಸೀಟಿ ಊದಿದ ರಭಸಕ್ಕೆ ಅದೇ ಪಕ್ಕಕ್ಕೆ ಹೋಯಿತು. ಏರು ಬಂದಾಗ ಐವರೂ ಇಳಿದು, ಸೈಕಲ್ ತಳ್ಳುತ್ತ, ಯಾರ ಮಗಳಿಗೆ ಎಲ್ಲಿ ಸಂಬಂಧ ಆಯಿತೆಂದು ಮಾತಾಡುತ್ತ ಹತ್ತಿದರು. ನನ್ನ ಪಟ್ಟಿಯಲ್ಲಿದ್ದ ಯಾವುದೂ ಬಾಯಿ ತೆರೆಯಲಿಲ್ಲ. ಬಾಯಿ ತೆರೆದದ್ದು ಮನೆಗಳು. ನಮ್ಮ ಕಡೆ ಪರಿಚಯದವರು ಮನೆಯ ಮುಂದೆ ಹಾದುಹೋದರೆ ಕರೆಯದಿರುವುದು ಉಂಟೇ? ಕರೆದ ಮೇಲೆ ಹೋಗದಿರುವುದು ಉಂಟೇ? ಹೋದ ಮೇಲೆ ಬರೀ ನೀರು ಕುಡಿದು ಎದ್ದರೆ, ಎರಡು ಮನೆಗಳ ನಡುವೆ ಏನೋ ಆಗಿದೆ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅದರಲ್ಲೂ ಮಾವ ಮೂವತ್ತು ವರ್ಷ ಮಾಸ್ಟರಾಗಿದ್ದವರು. ರಸ್ತೆಯ ಎರಡೂ ಬದಿಗೆ ಶಿಷ್ಯರೇ.

"ಮಾಸ್ಟ್ರು ಸೈಕಲ್ಲಲ್ಲಿ! ಇಳೀರಿ, ಇಳೀರಿ. ದೋಸೆ ಕಾವಲಿ ಮೇಲೇ ಉಂಟು" ಎಂದು ಮೊದಲ ಮನೆಯಾಕೆ ಗೇಟಿಗೇ ಅಡ್ಡ ನಿಂತರು.

"ನನಗೆ ಬೇಡಮ್ಮ, ಸಕ್ಕರೆ" ಎಂದರು ಮಾವ, ಜಗಲಿಯಲ್ಲಿ ಕೂತು, ಮುಂದೆ ಬಂದ ತಟ್ಟೆಯನ್ನೇ ನೋಡುತ್ತ.

"ಸಕ್ಕರೆ ಎಲ್ಲಿ ಹಾಕ್ತೇವೆ ಮಾಸ್ಟ್ರೇ? ಇದು ಜೋನಿಬೆಲ್ಲ!"

ಎರಡು ದೋಸೆ, ಅದರ ಮೇಲೆ ಕೆರೆಯಂತೆ ನಿಂತ ಬೆಲ್ಲ. ಮಾವನ ಬೆರಳು ದಡಕ್ಕೆ ಬಂದಿತ್ತು. ನನಗೆ ಕಣ್ಣೆದುರು ಸೂಜಿ ಕಂಡಿತು, ಸೂಜಿಯ ಹಿಂದೆ ಅತ್ತೆ ಕಂಡರು. ಆ ಮನೆಯಾಕೆಯ ಮುಖ ಆಗಲೇ ಬಾಡತೊಡಗಿತ್ತು. ತಟ್ಟೆ ಹಾಗೆಯೇ ಒಳಗೆ ಹೋಗುವಂತಿಲ್ಲ, ಮಾವನ ಒಳಗೂ ಹೋಗುವಂತಿಲ್ಲ. ನಾನು ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಮಾವನದು ನನಗೆ ಕೊಡಿ. ನನಗೆ ಜೋನಿಬೆಲ್ಲ ಅಂದ್ರೆ ಪ್ರಾಣ."

ಆಕೆಯ ಮುಖ ಅರಳಿತು. ನನ್ನ ಪಾಲಿನದ್ದೂ ಬಂತು. ಪ್ರಾಣ ಎಂದವನಿಗೆ ಇನ್ನೆರಡು ಹೆಚ್ಚಾಗಿಯೇ ಬಂತು.

ಮುಂದಿನ ಮನೆಯಲ್ಲಿ ಬಾಳೆಹಣ್ಣಿನ ರಸಾಯನ, ಅದರ ಮುಂದಿನದರಲ್ಲಿ ಕೇಸರಿಬಾತು. ಎಲ್ಲ ಕಡೆಯೂ ಮಾವ ಕೈ ಮುಗಿದರು, ನಾನು ಕೈ ಚಾಚಿದೆ. ಉಳಿದವರು ಒಂದೊಂದು ತುತ್ತು ತಿಂದು ತುಳಿದು ಕರಗಿಸುತ್ತಿದ್ದರು. ಎರಡನೆಯ ಭಾನುವಾರದ ಹೊತ್ತಿಗೆ ದಾರಿಯವರೆಲ್ಲ, "ಮಾಸ್ಟ್ರ ಅಳಿಯಂದಿರು ಬರ್ತಾರೆ, ಸ್ವಲ್ಪ ಜಾಸ್ತಿ ಮಾಡಿ" ಎನ್ನುವಂತಾಯಿತು. ಸರೋಜಾ ಟೀಚರು ಒಂದೆರಡು ಸಲ ನನ್ನನ್ನು ದಿಟ್ಟಿಸಿ, "ನೀನೂ ಒಂದು ಸೈಕಲ್ ತರೋದಲ್ವೇನೋ?" ಎಂದರು.

"ಔಷಧಿ ಚೀಲ ಯಾರು ತರೋದು ಟೀಚರ್?" ಎಂದೆ.

"ಆ ಹಗ್ಗದಲ್ಲಿ ಏನು ಮಾಡ್ತಿ ಮಾರಾಯ, ನಮ್ಮನ್ನ ಎಳೀತಿಯಾ?" ಎಂದು ಶಿವಪ್ಪನವರು ನಕ್ಕರು. ಶೃಂಗೇರಿಗೂ ಒಮ್ಮೆ ಹೋಗಿಬರೋಣ, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸುವ ಜವಾಬ್ದಾರಿ ತಮ್ಮದು ಎಂದೂ ಹೇಳಿದರು. ನಾನು ನಗಲಿಲ್ಲ. ಬಸ್ಸಿನ ಮೇಲಿಂದ ಸೈಕಲ್ ಬಿದ್ದರೆ?

ಎರಡು ತಿಂಗಳು ಮುಗಿದ ದಿನ ಮಾವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ರಕ್ತ ತೆಗೆಯುವಾಗ ಅವರು ನನ್ನ ಕೈಯನ್ನು ಹಿಡಿದ ಹಿಡಿತಕ್ಕೆ ನನ್ನ ಉಂಗುರ ಇವತ್ತಿಗೂ ಸರಿಯಾಗಿ ಕೂರುವುದಿಲ್ಲ. ರಿಪೋರ್ಟು ಬರುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತೆವು. ಸುಮ್ಮನೆ ಕೂರಲಾರದೆ ಮಾವ, "ಹ್ಯಾಗೂ ಬಂದಿದ್ದೀರಿ, ನಿಮ್ಮದೂ ಒಂದು ಕೊಟ್ಟುಬಿಡಿ ಅಳಿಯಂದ್ರೆ. ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದರು. ಅವರ ಸಮಾಧಾನಕ್ಕೆಂದು ಕೊಟ್ಟೆ.

ಡಾಕ್ಟರು ಮಾವನ ಚೀಟಿ ನೋಡಿ ನಕ್ಕರು. "ಶಹಭಾಷ್ ಮಾಸ್ಟ್ರೇ. ಇಂಜೆಕ್ಷನ್ ಬೇಡ." ಮಾವ ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿಕೊಂಡರು, ಕನ್ನಡಕವನ್ನಷ್ಟೇ ಅಲ್ಲ.

ಆಮೇಲೆ ಡಾಕ್ಟರು ನನ್ನ ಚೀಟಿ ನೋಡಿದರು. ನಗಲಿಲ್ಲ. ಇನ್ನೊಮ್ಮೆ ಹೆಸರು ಓದಿಕೊಂಡು, ನನ್ನನ್ನು ನೋಡಿದರು.

"ನೀವೂ ಪ್ರತಿ ಭಾನುವಾರ ಇವರ ಜೊತೆಗೇ ಹೋಗ್ತೀರಿ ಅಲ್ವಾ?"

"ಒಂದು ವಾರವೂ ತಪ್ಪಿಸಿಲ್ಲ ಡಾಕ್ಟ್ರೇ."

"ಮತ್ತೆ ಇದೆಂತದು? ಇವರಿಗೆ ಇಳಿದಷ್ಟೂ ನಿಮಗೆ ಏರಿದೆಯಲ್ಲ ಮಾರಾಯ್ರೆ! ಸೈಕಲ್ ಸರಿಯಾಗಿ ತುಳೀತೀರೋ ಇಲ್ವೋ?"

ಮಾವ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಅಳಿಯನನ್ನು ಯಾರೂ ತಪ್ಪು ತಿಳಿಯಬಾರದೆಂಬ ಪ್ರೀತಿಯಿಂದ ಹೇಳಿದರು:

"ಅವರು ಸ್ಕೂಟರಿನಲ್ಲಿ ಬರ್ತಾರೆ ಡಾಕ್ಟ್ರೇ. ನಮಗೇನಾದರೂ ಆದ್ರೆ ಅಂತ."